ಅಂಡಾಣು ಕಾಯುವುದಿಲ್ಲ



ಮಕ್ಕಳಿಲ್ಲದ ದಂಪತಿ ಪ್ರನಾಳ ಶಿಶು ಚಿಕಿತ್ಸೆಗೆ, ಅಂದರೆ ಐವಿಎಫ್‌ಗೆ ಹೋದಾಗ ಆಸ್ಪತ್ರೆಯಿಂದ ಹಲವು ಸಲ ಫೋನು ಬರುತ್ತದೆ. ಅದರಲ್ಲಿ ಒಂದು ಫೋನಿನ ಬಗ್ಗೆ ಇವತ್ತು ಮಾತಾಡಬೇಕೆಂದಿದ್ದೇನೆ. ಹೆಂಡತಿಯ ಅಂಡಾಶಯದಿಂದ ಅಂಡಾಣುಗಳನ್ನು ಹೊರತೆಗೆದ ಮರುದಿನ ಬೆಳಿಗ್ಗೆ ಬರುವ ಫೋನು ಅದು. ಹಿಂದಿನ ದಿನ ಅವರು ಬೆಳ್ತಂಗಡಿಯಿಂದಲೋ ಬಂಟ್ವಾಳದಿಂದಲೋ ಮೂಡುಬಿದಿರೆಯಿಂದಲೋ ಬೆಳಕು ಹರಿಯುವ ಮೊದಲೇ ಹೊರಟು ಮಂಗಳೂರಿಗೋ ಮಣಿಪಾಲಕ್ಕೋ ಹೋಗಿ ಬಂದಿರುತ್ತಾರೆ. ಮನೆಯಲ್ಲಿ ಎಲ್ಲರಿಗೂ ಹೇಳಿರುವುದಿಲ್ಲ. ಎಷ್ಟೋ ದಿನ ಹೊಟ್ಟೆಗೆ ಚುಚ್ಚಿಸಿಕೊಂಡ ಇಂಜೆಕ್ಷನ್ನಿನ ನೋವು ಇನ್ನೂ ಆರಿರುವುದಿಲ್ಲ. ಅಂಥ ಹೊತ್ತಿನಲ್ಲಿ ಫೋನಿನಲ್ಲಿ ಹೇಳುತ್ತಾರೆ: "ನಿನ್ನೆ ಸಿಕ್ಕಿದ ಅಂಡಾಣುಗಳಲ್ಲಿ ಒಂದೂ ಫಲಿಸಿಲ್ಲ. ಇಕ್ಸಿ ಮಾಡಿ ನೋಡಬಹುದು. ಮಾಡುವುದಾ ಬೇಡವಾ, ಈಗಲೇ ಹೇಳಬೇಕು."

ಎಂತ ಹೇಳುವುದು? ಇಕ್ಸಿ ಎಂದರೇನು, ಈಗ ಮಾಡಿದರೆ ಆಗುತ್ತದಾ, ದುಡ್ಡೆಷ್ಟು, ಮಾಡದಿದ್ದರೆ ಏನು, ಇದನ್ನೆಲ್ಲ ಯೋಚಿಸಲು ಅವರಿಗೆ ಅರ್ಧ ಗಂಟೆಯೂ ಸಿಗುವುದಿಲ್ಲ. ಹೆಚ್ಚಿನವರು "ಡಾಕ್ಟ್ರು ಹೇಳಿದ ಹಾಗೆ ಮಾಡಿ" ಎನ್ನುತ್ತಾರೆ. ಅದು ತಪ್ಪಲ್ಲ. ಆದರೆ ಈ ಪ್ರಶ್ನೆ ಆ ಬೆಳಿಗ್ಗೆ ಫೋನಿನಲ್ಲಿ ಕೇಳುವಂಥದ್ದಲ್ಲ. ಇಂಜೆಕ್ಷನ್ ಶುರುವಾಗುವ ಮೊದಲು, ಗಂಡ ಹೆಂಡತಿ ಇಬ್ಬರೂ ಡಾಕ್ಟರ ಎದುರು ಕುಳಿತಿರುವಾಗ ಕೇಳಿ ಉತ್ತರ ಪಡೆಯಬೇಕಾದದ್ದು. ಯಾಕೆ ಎಂದು ವಿವರಿಸುತ್ತೇನೆ.

ಮಾಮೂಲು ಐವಿಎಫ್‌ನಲ್ಲಿ ನಡೆಯುವುದು ಇಷ್ಟು. ಅಂಡಾಣುಗಳು ಬಲಿಯಲು ಕೊನೆಯ ಇಂಜೆಕ್ಷನ್ ಕೊಟ್ಟ 34ರಿಂದ 36 ಗಂಟೆಯ ಒಳಗೆ, ಸ್ಕ್ಯಾನಿಂಗ್ ನೋಡಿಕೊಂಡು ಸೂಜಿಯಿಂದ ಅವನ್ನು ಹೊರಗೆ ತೆಗೆಯುತ್ತಾರೆ. ಗಂಡನ ವೀರ್ಯವನ್ನು ತೊಳೆದು, ಚುರುಕಾಗಿ ಓಡಾಡುವ ವೀರ್ಯಾಣುಗಳನ್ನು ಬೇರ್ಪಡಿಸುತ್ತಾರೆ. ಪ್ರಯೋಗಾಲಯದ ತಟ್ಟೆಯಲ್ಲಿ ಅಂಡಾಣುಗಳ ಸುತ್ತ ಸಾವಿರಾರು ವೀರ್ಯಾಣುಗಳನ್ನು ಬಿಡುತ್ತಾರೆ. ಯಾವುದೋ ಒಂದು ತಾನಾಗಿ ಒಳಗೆ ಹೋಗಬೇಕು. ತಟ್ಟೆಯನ್ನು ಮೈಯ ಬಿಸಿಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿ ಇಡುತ್ತಾರೆ. 16ರಿಂದ 18 ಗಂಟೆ ಕಳೆದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಂಡಾಣುವಿನ ಒಳಗೆ ಎರಡು ಪುಟ್ಟ ವೃತ್ತಗಳು ಕಾಣಬೇಕು, ಒಂದು ತಾಯಿಯ ಪಾಲು, ಇನ್ನೊಂದು ತಂದೆಯ ಪಾಲು. ಪ್ರಯೋಗಾಲಯದವರು ಇದಕ್ಕೆ 'ಟೂ ಪಿಎನ್' ಎನ್ನುತ್ತಾರೆ. ಎರಡು ಕಂಡರೆ ಫಲಿಸಿತು. ಒಂದೂ ಕಾಣದಿದ್ದರೆ ಆ ಫೋನು.

ವೀರ್ಯ ಪರೀಕ್ಷೆಯ ವರದಿ ಚೆನ್ನಾಗಿಯೇ ಇದ್ದ ದಂಪತಿಗಳಲ್ಲೂ 100 ಸಲ ಐವಿಎಫ್ ಮಾಡಿದರೆ 5ರಿಂದ 10 ಸಲ ಹೀಗೆ ಒಂದು ಅಂಡಾಣುವೂ ಫಲಿಸದೆ ಹೋಗುವುದುಂಟು. ಜನಕ್ಕೆ ಆಘಾತವಾಗುವುದು ಇಲ್ಲಿಯೇ. "ಕೌಂಟ್ ಸರಿ ಇದೆ ಅಂತ ಹೇಳಿದ್ದರಲ್ಲ ಡಾಕ್ಟ್ರೇ?" ಹೌದು, ಸರಿ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿನಲ್ಲಿ 1.6 ಕೋಟಿ ವೀರ್ಯಾಣು, ಅದರಲ್ಲಿ ನೂರಕ್ಕೆ 42 ಚಲಿಸುವಂಥವು, 4 ಸರಿಯಾದ ಆಕಾರದವು ಇದ್ದರೆ ಅದು ಮಾಮೂಲಿನ ಕೆಳಗಿನ ಗೆರೆ. ಆದರೆ ಎಣಿಕೆಯಿಂದ ತಿಳಿಯುವುದು ಎಷ್ಟಿವೆ, ಹೇಗೆ ಓಡುತ್ತವೆ ಎಂಬುದು ಮಾತ್ರ. ಅಂಡಾಣುವಿನ ಹೊರಕವಚಕ್ಕೆ ಅಂಟಿಕೊಂಡು ಅದನ್ನು ಕರಗಿಸಿ ಒಳಗೆ ಹೋಗುವ ಶಕ್ತಿ ಇದೆಯೇ ಎಂಬುದು ಆ ಕಾಗದದಲ್ಲಿ ಬರೆದಿರುವುದಿಲ್ಲ. ಕೆಲವು ಸಲ ದೋಷ ಅಂಡಾಣುವಿನದು. ಪೂರ್ತಿ ಬಲಿಯದೆ ಹೊರಬಂದಿರಬಹುದು, ಕವಚ ವೀರ್ಯಾಣುವನ್ನು ಹತ್ತಿರ ಸೇರಿಸದೆ ಇರಬಹುದು. ಆದ್ದರಿಂದ ಯಾರ ಕೊರತೆಯಿಂದ ಹೀಗಾಯಿತು ಎಂದು ಆ ಬೆಳಿಗ್ಗೆ ಮನೆಯಲ್ಲಿ ತೀರ್ಮಾನ ಮಾಡಬೇಡಿ. ಅತ್ತೆಯೂ ಮಾಡಬಾರದು, ಗಂಡನೂ ಮಾಡಬಾರದು.

ಇನ್ನು ಇಕ್ಸಿ. ಒಂದೇ ಒಂದು ವೀರ್ಯಾಣುವನ್ನು ಆರಿಸಿ, ಅದರ ಬಾಲವನ್ನು ಸೂಜಿಯಿಂದ ಒತ್ತಿ ಓಡಾಟ ನಿಲ್ಲಿಸಿ, ಅತಿ ತೆಳುವಾದ ಗಾಜಿನ ಸೂಜಿಯೊಳಗೆ ಎಳೆದುಕೊಂಡು, ನೇರವಾಗಿ ಅಂಡಾಣುವಿನ ಒಳಗೆ ಬಿಡುವ ಕೆಲಸ ಇದು. ಆ ಸೂಜಿ ನಮ್ಮ ತಲೆಕೂದಲಿನ ದಪ್ಪದ ಹತ್ತನೇ ಒಂದು ಪಾಲಿನಷ್ಟೇ ಇರುತ್ತದೆ. ಅಂಡಾಣುವಿನ ಅಗಲ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಒಂದು ಬದಿಯಿಂದ ಗಾಜಿನ ಕೊಳವೆ ಅಂಡಾಣುವನ್ನು ಮೆಲ್ಲಗೆ ಹಿಡಿದಿರುತ್ತದೆ, ಇನ್ನೊಂದು ಬದಿಯಿಂದ ಸೂಜಿ ಬರುತ್ತದೆ. ತಾಯಿಯ ವರ್ಣತಂತುಗಳು ಇರುವ ಜಾಗಕ್ಕೆ ಸೂಜಿ ತಗಲದಂತೆ ಅಂಡಾಣುವನ್ನು ತಿರುಗಿಸಿ ಇಟ್ಟುಕೊಳ್ಳಬೇಕು. ಕೈ ಪಳಗಿದವರಲ್ಲೂ ನೂರರಲ್ಲಿ ಐದಾರು ಅಂಡಾಣು ಚುಚ್ಚುವಾಗಲೇ ಹಾಳಾಗುತ್ತವೆ.

ಇದು ಹುಟ್ಟಿದ್ದು ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ. ಜಾನ್‌ಪಿಯೆರೋ ಪಲೆರ್ಮೊ ಎಂಬ ಇಟಲಿಯ ತರುಣ ವೈದ್ಯ ಅಲ್ಲಿನ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ವೀರ್ಯಾಣುವನ್ನು ಅಂಡಾಣುವಿನ ಕವಚದ ಒಳಗೆ, ಆದರೆ ಅಂಡಾಣುವಿನ ಹೊರಗೆ ಬಿಡುವ ಪ್ರಯೋಗ ಮಾಡುತ್ತಿದ್ದರು. ಒಮ್ಮೆ ಸೂಜಿ ಜಾರಿ ಒಳಗೇ ಹೋಯಿತು. ಹಾಳಾಗಬೇಕಾಗಿದ್ದ ಆ ಅಂಡಾಣು ಫಲಿಸಿತು. 1992ರ ಜನವರಿಯಲ್ಲಿ ಈ ವಿಧಾನದ ಮೊದಲ ಮಗು ಹುಟ್ಟಿತು, ಅದೇ ವರ್ಷದ ಜುಲೈಯಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಬಂತು. ಅಲ್ಲಿಯವರೆಗೆ, ಗಂಡನ ವೀರ್ಯಾಣು ತೀರಾ ಕಡಿಮೆ ಇದ್ದ ಮನೆಗಳಿಗೆ ಬೇರೊಬ್ಬರ ವೀರ್ಯದಾನ ಅಥವಾ ದತ್ತು ಬಿಟ್ಟರೆ ದಾರಿ ಇರಲಿಲ್ಲ. ಈಗ ಒಂದು ಅಂಡಾಣುವಿಗೆ ಒಂದೇ ವೀರ್ಯಾಣು ಸಾಕು.

ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಇಪ್ಪತ್ತು ವರ್ಷಗಳ ಹಿಂದೆ ಬೆಳ್ತಂಗಡಿ, ಬಂಟ್ವಾಳದ ಅಡಿಕೆ ತೋಟಗಳಿಗೆಲ್ಲ ವೆನಿಲ್ಲಾ ಬಂದಿತ್ತು. ಆ ಹೂವಿಗೆ ಪರಾಗ ಸೇರಿಸುವ ದುಂಬಿ ನಮ್ಮ ಊರಿನಲ್ಲಿಲ್ಲ. ಬೆಳಿಗ್ಗೆ ಬೇಗ ಎದ್ದು, ಅರಳಿದ ಪ್ರತಿಯೊಂದು ಹೂವನ್ನೂ ಬಿಡಿಸಿ, ಸಣ್ಣ ಕಡ್ಡಿಯಿಂದ ಒಳಗಿನ ಪದರವನ್ನು ಎತ್ತಿ ಪರಾಗವನ್ನು ಒತ್ತಿ ಬರಬೇಕಿತ್ತು. ಮನೆಯ ಹೆಂಗಸರ ಕೈ ಅದರಲ್ಲಿ ಎಷ್ಟು ಪಳಗಿತ್ತು ಎಂಬುದು ನೆನಪಿರುವವರಿಗೆ ಗೊತ್ತು. ಹೂವು ಅರಳಿರುವುದು ಒಂದೇ ದಿನ. ಮಧ್ಯಾಹ್ನದ ಮೇಲೆ ಎಷ್ಟೇ ನಾಜೂಕಾಗಿ ಕಡ್ಡಿ ಆಡಿಸಿದರೂ ಕಾಯಿ ಕಚ್ಚುವುದು ಕಷ್ಟ. ಮರುದಿನವಂತೂ ಇಲ್ಲವೇ ಇಲ್ಲ.

ಅಂಡಾಣುವಿನ ಅವಧಿಯೂ ಹೆಚ್ಚೆಂದರೆ ಒಂದು ದಿನ. ಮರುದಿನ ಬೆಳಿಗ್ಗೆ ನೋಡಿ, ಫಲಿಸಿಲ್ಲ ಎಂದು ತಿಳಿದು, ಫೋನು ಮಾಡಿ, ಒಪ್ಪಿಗೆ ಪಡೆದು, ಸೂಜಿ ಹಿಡಿಯುವ ಹೊತ್ತಿಗೆ ಅಂಡಾಣು ಹೊರಬಂದು 20ರಿಂದ 24 ಗಂಟೆ ಆಗಿರುತ್ತದೆ. ಕೊನೇ ಪ್ರಯತ್ನವಾಗಿ ಮಾಡುವ ಈ ಇಕ್ಸಿಯನ್ನು 'ರೆಸ್ಕ್ಯೂ ಇಕ್ಸಿ' ಎನ್ನುತ್ತಾರೆ. ಸೂಜಿಯಿಂದ ಚುಚ್ಚಿದ ಅಂಡಾಣುಗಳಲ್ಲಿ ಕೆಲವು ಫಲಿಸುತ್ತವೆ ಕೂಡ. ಆದರೆ ಹೊತ್ತು ಮೀರಿದ ಅಂಡಾಣುವಿನೊಳಗೆ ವರ್ಣತಂತುಗಳನ್ನು ಹಿಡಿದಿಡುವ ಎಳೆಗಳು ಸಡಿಲವಾಗಿರುತ್ತವೆ. ಭ್ರೂಣ ಬೆಳೆದರೂ ಅದರಲ್ಲಿ ವರ್ಣತಂತುಗಳ ಲೆಕ್ಕ ತಪ್ಪುವುದು ಹೆಚ್ಚು. ಮೇಲಾಗಿ ಭ್ರೂಣ ಒಂದು ದಿನ ಹಿಂದೆ ಬಿದ್ದಿರುತ್ತದೆ, ಗರ್ಭಕೋಶದ ಒಳಪದರ ಮಾತ್ರ ತನ್ನ ಲೆಕ್ಕದಲ್ಲಿ ಮುಂದೆ ಹೋಗಿರುತ್ತದೆ. ಎರಡರ ಹೊತ್ತು ಕೂಡಿ ಬರುವುದಿಲ್ಲ. ಮರುದಿನದ ರೆಸ್ಕ್ಯೂ ಇಕ್ಸಿಯಿಂದ ಗರ್ಭ ನಿಲ್ಲುವುದು ಬಹಳ ಕಡಿಮೆ ಎಂದು ಹಲವು ದೇಶಗಳ ವೈದ್ಯರು ಬರೆದಿದ್ದಾರೆ. ಹಾಗೆ ಹುಟ್ಟಿದ ಮಕ್ಕಳು ಇದ್ದಾರೆ, ಇಲ್ಲವೆಂದಲ್ಲ. ಆದರೆ ಆ ಫೋನು ಬಂದ ಬೆಳಿಗ್ಗೆ "ಇಕ್ಸಿ ಮಾಡಿದರೆ ಸರಿಯಾಗುತ್ತದೆ" ಎಂದು ಯಾರಾದರೂ ಹೇಳಿದರೆ, ಅದು ಪೂರ್ತಿ ಸತ್ಯವಲ್ಲ.

ಹಾಗಾದರೆ ಕೈ ಬಿಡುವುದೇ? ಇಲ್ಲ. ಹೊತ್ತನ್ನೇ ಮುಂದಕ್ಕೆ ತರಬಹುದು. 2003ರಲ್ಲಿ ಸಿಂಗಾಪುರದ ಕ್ರಿಸ್ಟೋಫರ್ ಚೆನ್ ಮತ್ತು ಅವರ ಸಹೋದ್ಯೋಗಿ ಒಂದು ದಾರಿ ತೋರಿಸಿದರು. ವೀರ್ಯಾಣು ಒಳಗೆ ಹೋದ ಕೆಲವೇ ಗಂಟೆಗಳಲ್ಲಿ ಅಂಡಾಣು ತನ್ನ ಅರ್ಧ ವರ್ಣತಂತುಗಳನ್ನು ಸಣ್ಣ ಗುಳ್ಳೆಯ ರೂಪದಲ್ಲಿ ಹೊರಗೆ ತಳ್ಳುತ್ತದೆ. ಇದು ಎರಡನೇ ಧ್ರುವಕಾಯ. ಮರುದಿನದವರೆಗೆ ಕಾಯದೆ, ವೀರ್ಯಾಣು ಬಿಟ್ಟು ಸುಮಾರು ಆರು ಗಂಟೆ ಆಗುವ ಹೊತ್ತಿಗೇ ಅಂಡಾಣುವಿನ ಸುತ್ತಲ ಹೊದಿಕೆ ಬಿಡಿಸಿ ಈ ಗುಳ್ಳೆ ಇದೆಯೇ ಎಂದು ನೋಡುವುದು, ಇಲ್ಲದ ಅಂಡಾಣುಗಳಿಗೆ ಅದೇ ಸಂಜೆ ಇಕ್ಸಿ ಮಾಡುವುದು. ಮರುದಿನ ಮಾಡಿದ್ದಕ್ಕಿಂತ ಇದರ ಫಲ ಎಷ್ಟೋ ಮೇಲು. ಚೀನಾ, ಜಪಾನಿನ ಹಲವು ಕೇಂದ್ರಗಳು ಈಗ ಹೀಗೇ ಮಾಡುತ್ತವೆ. ಇದರಲ್ಲೂ ಒಂದು ಅಪಾಯ ಇದೆ. ವೀರ್ಯಾಣು ಒಳಗೆ ಹೋಗಿದ್ದೂ ಗುಳ್ಳೆ ಇನ್ನೂ ಹೊರಬರದ ಅಂಡಾಣುವಿಗೆ ಮತ್ತೊಂದನ್ನು ಚುಚ್ಚಿದರೆ ಮೂರು ಪಾಲು ಸೇರಿ ಆ ಭ್ರೂಣ ಬೀಳುತ್ತದೆ. ಅದನ್ನು ಗುರುತಿಸುವ ಕಣ್ಣು ಬೇಕು, ಸಂಜೆ ತಡವಾಗಿ ಪ್ರಯೋಗಾಲಯದಲ್ಲಿ ಇರುವ ಜನ ಬೇಕು. ಎಲ್ಲ ಕಡೆ ಇದು ಆಗುವುದಿಲ್ಲ. ನೀವು ಹೋಗುವ ಕೇಂದ್ರದಲ್ಲಿ ಆಗುತ್ತದೆಯೇ ಎಂದು ಮೊದಲೇ ಕೇಳಿ.

ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಕಾರಣ ತಿಳಿಯದ ಬಂಜೆತನ ಎಂದು ವರದಿಯಲ್ಲಿ ಬರೆದಿದ್ದರೆ, ವೀರ್ಯಾಣುವಿನ ಲೆಕ್ಕ ಗಡಿಯ ಹತ್ತಿರ ಇದ್ದರೆ, ಸಿಕ್ಕ ಅಂಡಾಣುಗಳಲ್ಲಿ ಅರ್ಧಕ್ಕೆ ಮಾಮೂಲು ಐವಿಎಫ್, ಅರ್ಧಕ್ಕೆ ಮೊದಲ ದಿನವೇ ಇಕ್ಸಿ. ಐವಿಎಫ್ ಅರ್ಧ ಕೈಕೊಟ್ಟರೂ ಇನ್ನರ್ಧ ಉಳಿಯುತ್ತದೆ. ಎಲ್ಲಿ ತೊಂದರೆ ಇತ್ತು ಎಂಬುದೂ ತಿಳಿಯುತ್ತದೆ. ಮೂರೋ ನಾಲ್ಕೋ ಅಂಡಾಣು ಸಿಕ್ಕರೆ ಹಂಚುವುದು ಆಗದ ಮಾತು. ಹತ್ತು ಹನ್ನೆರಡು ಸಿಕ್ಕರೆ ಕೇಳಲೇಬೇಕಾದ ಮಾತು.

ಹೊತ್ತು ಕೂಡಿ ಬರದ ತೊಂದರೆಗೂ ಪರಿಹಾರ ಇದೆ. ರೆಸ್ಕ್ಯೂ ಇಕ್ಸಿಯಿಂದ ಭ್ರೂಣ ಬೆಳೆದರೆ ಅದನ್ನು ಕೂಡಲೇ ಗರ್ಭಕೋಶಕ್ಕೆ ಹಾಕದೆ, ಹೆಪ್ಪುಗಟ್ಟಿಸಿ ಇಟ್ಟು, ಮುಂದಿನ ತಿಂಗಳು ಒಳಪದರವನ್ನು ಸರಿಯಾಗಿ ಸಿದ್ಧಮಾಡಿ ಹಾಕುವುದು. ಈ ವಿಚಾರ ಮೊದಲು ನಡೆಸಿ ತೋರಿಸಿದವರು ನಮ್ಮ ದೇಶದವರೇ, ಕೊಲ್ಕತ್ತಾದ ಡಾ. ಸುಭಾಷ್ ಮುಖರ್ಜಿ. ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದ್ದು 1978ರ ಜುಲೈ 25ರಂದು. ಮುಖರ್ಜಿಯವರ ಕೈಯಲ್ಲಿ 'ದುರ್ಗಾ' ಎಂಬ ಮಗು ಹುಟ್ಟಿದ್ದು ಅದೇ ವರ್ಷ ಅಕ್ಟೋಬರ್ 3ರಂದು. ಅವರು ಭ್ರೂಣವನ್ನು 53 ದಿನ ಹೆಪ್ಪುಗಟ್ಟಿಸಿ ಇಟ್ಟು, ಇನ್ನೊಂದು ಋತುಚಕ್ರದಲ್ಲಿ ಗರ್ಭಕೋಶಕ್ಕೆ ಹಾಕಿದ್ದರು. ಆಗಿನ ಸರಕಾರ ಅವರನ್ನು ನಂಬಲಿಲ್ಲ, ಸಮಿತಿ ಮಾಡಿ ಅವಮಾನಿಸಿತು. 1981ರಲ್ಲಿ ಅವರು ಜೀವ ಕಳೆದುಕೊಂಡರು.

ಅವರಿಗೆ ನ್ಯಾಯ ಕೊಡಿಸಿದವರು ವಿಜ್ಞಾನಿ ಟಿ. ಸಿ. ಆನಂದ್ ಕುಮಾರ್. 1986ರ ಆಗಸ್ಟ್ 6ರಂದು ಮುಂಬೈಯಲ್ಲಿ ಹುಟ್ಟಿದ ಹರ್ಷಾ ಎಂಬ ಮಗುವಿನ ಹಿಂದೆ ಡಾ. ಇಂದಿರಾ ಹಿಂದುಜಾ ಅವರ ಜೊತೆ ದುಡಿದವರು ಆನಂದ್ ಕುಮಾರ್. ದೇಶದ ಮೊದಲ ಪ್ರನಾಳ ಶಿಶುವಿನ ಕೀರ್ತಿ ಅವರದ್ದಾಗಿತ್ತು. ಆಮೇಲೆ ಬೆಂಗಳೂರಿನಲ್ಲಿ ನೆಲೆಸಿದ ಅವರು ಮುಖರ್ಜಿಯವರ ಟಿಪ್ಪಣಿಗಳನ್ನು ಓದಿ ನೋಡಿ, ಮೊದಲಿಗರು ನಾವಲ್ಲ, ಅವರು ಎಂದು 1997ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ತನ್ನ ಹೆಸರಿನಲ್ಲಿದ್ದ ಮೊದಲ ಸ್ಥಾನವನ್ನು ತಾನೇ ಬಿಟ್ಟುಕೊಟ್ಟ ಇಂಥ ವಿಜ್ಞಾನಿಗಳು ಎಷ್ಟು ಮಂದಿ ಸಿಕ್ಕಾರು? ಈ ಚಿಕಿತ್ಸೆಯ ಮಾತು ಬಂದಾಗಲೆಲ್ಲ ಈ ಇಬ್ಬರ ಹೆಸರು ಹೇಳಬೇಕು ಎಂದು ನನಗನ್ನಿಸುತ್ತದೆ.

ಇಷ್ಟೆಲ್ಲ ಕೇಳಿ ಕೆಲವರಿಗೆ ಅನ್ನಿಸಬಹುದು, ಹಾಗಾದರೆ ಮೊದಲೇ ಎಲ್ಲ ಅಂಡಾಣುಗಳಿಗೂ ಇಕ್ಸಿಯೇ ಮಾಡಿಬಿಟ್ಟರೆ? ಇಕ್ಸಿಯಲ್ಲಿ ಪೂರ್ತಿ ವಿಫಲವಾಗುವುದು ನೂರಕ್ಕೆ ಒಂದರಿಂದ ಮೂರು ಮಾತ್ರ. ಅನೇಕ ಕಡೆ ಹಾಗೆ ಮಾಡುವುದೂ ಉಂಟು. ಜನರೂ "ದೊಡ್ಡದನ್ನೇ ಮಾಡಿ ಡಾಕ್ಟ್ರೇ" ಎನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ವಿಯೆಟ್ನಾಮಿನಲ್ಲಿ, ಗಂಡನ ವೀರ್ಯಾಣುವಿನ ಎಣಿಕೆ ಮತ್ತು ಚಲನೆ ಸರಿಯಾಗಿದ್ದ 1,064 ದಂಪತಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಐವಿಎಫ್, ಒಂದಕ್ಕೆ ಇಕ್ಸಿ ಮಾಡಿ ನೋಡಿದರು. 2021ರಲ್ಲಿ 'ಲ್ಯಾನ್ಸೆಟ್‌'ನಲ್ಲಿ ಬಂದ ಫಲಿತಾಂಶದಲ್ಲಿ, ಜೀವಂತ ಮಗು ಹುಟ್ಟಿದ ಲೆಕ್ಕ ನೋಡಿದರೆ ಎರಡು ಗುಂಪಿನ ನಡುವೆ ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸ ಸಿಗಲಿಲ್ಲ. ಬೇಕಿಲ್ಲದ ಇಕ್ಸಿಗೆ ದುಡ್ಡು ಹೆಚ್ಚು, ಚುಚ್ಚುವಾಗ ಹಾಳಾಗುವ ಅಂಡಾಣು ಬೇರೆ. ಇನ್ನೊಂದು ಮಾತು. ವೀರ್ಯಾಣು ತೀರಾ ಕಡಿಮೆ ಇರುವ ಕೆಲವು ಗಂಡಸರಲ್ಲಿ ವೈ ವರ್ಣತಂತುವಿನ ಒಂದು ತುಂಡು ಇಲ್ಲದಿರುತ್ತದೆ. ಇಕ್ಸಿಯಿಂದ ಗಂಡು ಮಗು ಹುಟ್ಟಿದರೆ ಅದೇ ಕೊರತೆ ಅವನಿಗೂ ಬರುತ್ತದೆ. ಅಂಥವರು ಮೊದಲು ರಕ್ತದ ವರ್ಣತಂತು ಪರೀಕ್ಷೆ ಮಾಡಿಸಬೇಕು, ಏನು ದಾಟಿಸುತ್ತಿದ್ದೇವೆ ಎಂದು ತಿಳಿದು ಹೆಜ್ಜೆ ಇಡಬೇಕು.

ಗಂಡಸರ ಪರೀಕ್ಷೆಯ ಮಾತು ಬಂತು. ನಮ್ಮ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ತಾಲೂಕುಗಳಿಂದ ಬರುವ ಎಷ್ಟೋ ದಂಪತಿಗಳು ಕುಕ್ಕೆಯಲ್ಲಿ ಸರ್ಪಸಂಸ್ಕಾರ, ಆಶ್ಲೇಷಾ ಬಲಿ ಮಾಡಿಸಿ, ದರ್ಗಾಕ್ಕೆ ಇಗರ್ಜಿಗೆ ಹರಕೆ ಹೇಳಿ, ಆಮೇಲೆ ಆಸ್ಪತ್ರೆಗೆ ಬರುತ್ತಾರೆ. ಅವರ ನಂಬಿಕೆಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ, ಅದರಿಂದ ಅವರಿಗೆ ಧೈರ್ಯ ಬರುತ್ತದೆ. ನನ್ನ ತಕರಾರು ಬೇರೆ. ವರ್ಷಗಟ್ಟಲೆ ಹೆಂಡತಿಗೆ ಸ್ಕ್ಯಾನಿಂಗ್, ಮದ್ದು, ಗರ್ಭಕೋಶ ಶುದ್ಧಿ ಎಲ್ಲ ಆಗಿರುತ್ತದೆ. ಗಂಡನ ವೀರ್ಯ ಪರೀಕ್ಷೆ ಒಮ್ಮೆಯೂ ಆಗಿರುವುದಿಲ್ಲ. ಕಡಿಮೆ ಖರ್ಚಿನ, ನೋವಿಲ್ಲದ, ಒಂದು ದಿನದಲ್ಲಿ ಮುಗಿಯುವ ಪರೀಕ್ಷೆ ಅದು. ತಾಯಿಯ ಕಡೆಯಿಂದ ಕುಟುಂಬ ಎಣಿಸಿದ ಅಳಿಯಸಂತಾನದ ನಾಡಿನಲ್ಲೂ ಬಂಜೆ ಎಂಬ ಮಾತು ಹೆಂಗಸಿನ ತಲೆಗೇ ಬೀಳುತ್ತದಲ್ಲ, ಇದು ನನಗೆ ಬಹಳ ನೋವಿನ ಸಂಗತಿ.

ನಮ್ಮ ಸೀಮೆಯಲ್ಲಿ ಗಂಡಸರನ್ನು ಪರೀಕ್ಷಿಸಲು ಇನ್ನೊಂದು ಕಾರಣವೂ ಇದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ನಿಮಗೆಲ್ಲ ಗೊತ್ತು. ಗಡಿಯಾಚೆ ಕಾಸರಗೋಡಿನ ಪಡ್ರೆಯಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಧ್ಯಯನ ಮಾಡಿ, ಈ ವಿಷಕ್ಕೆ ಒಡ್ಡಿಕೊಂಡ ಹುಡುಗರಲ್ಲಿ ಪ್ರಾಯಕ್ಕೆ ಬರುವುದು ತಡವಾಗಿದೆ ಎಂದು 2003ರಲ್ಲಿ ಪ್ರಕಟಿಸಿದರು. ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಒಂದು ಮನೆಯಲ್ಲಿ ಮಗುವಾಗದ್ದಕ್ಕೆ ಇದೇ ಕಾರಣ ಎಂದು ಹೇಳಲು ಬರುವುದಿಲ್ಲ, ನಾನು ಹೇಳುತ್ತಲೂ ಇಲ್ಲ. ಆದರೆ ಆಗಿನ ಹುಡುಗರು ಇಂದು ಮದುವೆಯಾದ ಗಂಡಸರು. ಅವರನ್ನು ಪರೀಕ್ಷೆ ಮಾಡದೆ ಹೆಂಡಂದಿರಿಗೆ ಮಾತ್ರ ಮದ್ದು ಕೊಡುವುದು ನ್ಯಾಯವಲ್ಲ.

ಗಲ್ಫಿನಲ್ಲಿ ದುಡಿಯುವವರ ಸಂಗತಿ ಪ್ರತ್ಯೇಕವಾಗಿ ಹೇಳಬೇಕು. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ರಜೆಯಲ್ಲಿ ಬರುತ್ತಾರೆ. ಆ ರಜೆಯೊಳಗೆ ಚಿಕಿತ್ಸೆ ಮುಗಿಯಬೇಕು. ಒಂದು ಸರದಿಗೆ ಲಕ್ಷ ದಾಟುವ ಖರ್ಚು, ಅದಕ್ಕೆ ಸೊಸೈಟಿಯಲ್ಲಿ ಚಿನ್ನ ಇಟ್ಟಿರುತ್ತಾರೆ, ಸಂಘದಲ್ಲಿ ಸಾಲ ಮಾಡಿರುತ್ತಾರೆ, ಬೀಡಿ ಕಟ್ಟಿದ ಹಣವೂ ಸೇರಿರುತ್ತದೆ. ಅಂಥವರಿಗೆ ಒಂದು ಸರದಿ ಹೋಯಿತೆಂದರೆ ಮುಂದಿನ ರಜೆಯವರೆಗೆ ಕಾಯಬೇಕು, ಅಷ್ಟರಲ್ಲಿ ಹೆಂಡತಿಯ ವಯಸ್ಸು ಏರುತ್ತದೆ. ಇಂಥ ಕಡೆ ಫಲಿಸದಿದ್ದರೆ ಏನು ಮಾಡುವುದು ಎಂದು ಮೊದಲೇ ತೀರ್ಮಾನ ಮಾಡಿಕೊಂಡಿರುವುದು ಇನ್ನೂ ಅಗತ್ಯ. ವೀರ್ಯವನ್ನು ಹೆಪ್ಪುಗಟ್ಟಿಸಿ ಇಟ್ಟು ಹೋಗುವ ಅವಕಾಶವಿದೆ. ಇಕ್ಸಿಗೆ ಕೆಲವೇ ವೀರ್ಯಾಣು ಸಾಕಾಗುವುದರಿಂದ ಆ ಸಂಗ್ರಹ ಮುಂದಿನ ಸರದಿಗೂ ಉಪಯೋಗಕ್ಕೆ ಬರುತ್ತದೆ.

ಕಾನೂನೂ ನಿಮ್ಮ ಕಡೆಗಿದೆ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಚಿಕಿತ್ಸೆಯ ಒಳಿತು ಕೆಡುಕು, ಗೆಲ್ಲುವ ಸಾಧ್ಯತೆ, ಖರ್ಚು, ಅಪಾಯ ಇವನ್ನೆಲ್ಲ ದಂಪತಿಗೆ ತಿಳಿಸಿ ಹೇಳುವುದು ಕೇಂದ್ರದ ಹೊಣೆ. ಲಿಖಿತ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಮಾಡುವಂತಿಲ್ಲ, ಅಂಡಾಣು ವೀರ್ಯಾಣು ಹೆಪ್ಪುಗಟ್ಟಿಸುವಂತಿಲ್ಲ. ದೂರು ಕೇಳುವ ವ್ಯವಸ್ಥೆ ಪ್ರತಿ ಕೇಂದ್ರದಲ್ಲೂ ಇರಬೇಕು. ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55 ವಯಸ್ಸಿನ ಮಿತಿ ಇದೆ. ಮಗು ಗಂಡೋ ಹೆಣ್ಣೋ ಆರಿಸಿ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಅದು ಅಪರಾಧ. ಒಪ್ಪಿಗೆ ಪತ್ರ ಹಲವು ಪುಟ ಇರುತ್ತದೆ. ಮನೆಗೆ ಒಯ್ದು ಓದಿ, ಕನ್ನಡದಲ್ಲಿ ಬೇಕೆಂದು ಕೇಳಿ. "ಫಲಿಸದಿದ್ದರೆ" ಎಂಬ ಜಾಗದಲ್ಲಿ ಏನು ಬರೆದಿದೆ, ಅದೇ ಸಂಜೆ ನೋಡುತ್ತಾರೋ ಮರುದಿನವೋ, ಇಕ್ಸಿ ಮಾಡಿದರೆ ಹೆಚ್ಚಿನ ಹಣ ಎಷ್ಟು, ಭ್ರೂಣ ಆದರೆ ಕೂಡಲೇ ಹಾಕುತ್ತಾರೋ ಹೆಪ್ಪುಗಟ್ಟಿಸುತ್ತಾರೋ, ಇದಕ್ಕೆಲ್ಲ ಉತ್ತರ ಬರೆಯಿಸಿಕೊಂಡು ಸಹಿ ಹಾಕಿ.

ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಭ್ರೂಣಶಾಸ್ತ್ರವನ್ನೇ ಕಲಿಸುವ ಸ್ನಾತಕೋತ್ತರ ತರಗತಿ ಇದೆ. ಸೂಜಿ ಹಿಡಿಯುವ ತಜ್ಞರು ನಮ್ಮ ಪಕ್ಕದಲ್ಲೇ ತಯಾರಾಗುತ್ತಿದ್ದಾರೆ. ಇವರನ್ನು ರೋಗಿಗಳು ನೋಡುವುದೇ ಇಲ್ಲ, ಮಾತಾಡುವುದು ಹೊರಗಿನ ಡಾಕ್ಟರ ಜೊತೆ ಮಾತ್ರ. ಅಂಡಾಣುವಿಗೆ ಏನಾಯಿತು ಎಂದು ಕಣ್ಣಾರೆ ಕಂಡವರು ಒಳಗಿನವರು. ಫಲಿಸಲಿಲ್ಲ ಎಂದಾಗ ಐದು ನಿಮಿಷ ಅವರ ಜೊತೆ ಮಾತಾಡಬೇಕೆಂದು ಕೇಳುವುದರಲ್ಲಿ ಸಂಕೋಚ ಬೇಡ.

ಕೊನೆಗೆ, ರೆಸ್ಕ್ಯೂ ಇಕ್ಸಿಯೂ ಫಲ ಕೊಡದೆ ಹೋದವರಿಗೆ ಒಂದು ಮಾತು. ಐವಿಎಫ್‌ನಲ್ಲಿ ಒಂದೂ ಫಲಿಸದ ದಂಪತಿಗೆ ಮುಂದಿನ ಸರದಿಯಲ್ಲಿ ಮೊದಲ ದಿನವೇ ಇಕ್ಸಿ ಮಾಡಿದರೆ ಹೆಚ್ಚಿನವರಲ್ಲಿ ಅಂಡಾಣುಗಳು ಫಲಿಸುತ್ತವೆ. ಇಕ್ಸಿಯಲ್ಲೂ ಫಲಿಸದ ಕೆಲವರಲ್ಲಿ, ಅಂಡಾಣುವನ್ನು ಎಬ್ಬಿಸುವ ಒಂದು ಪ್ರೋಟೀನು ವೀರ್ಯಾಣುವಿನಲ್ಲಿ ಇಲ್ಲದಿರಬಹುದು. ಅಂಥ ಕಡೆ ಕ್ಯಾಲ್ಸಿಯಂ ಒಳಗೆ ಹರಿಯುವಂತೆ ಮಾಡುವ ದ್ರಾವಣ ಬಳಸಿ ನೋಡುವುದೂ ಇದೆ. ಇದನ್ನೆಲ್ಲ ಮುಂದಿನ ಡಾಕ್ಟರು ತೀರ್ಮಾನಿಸಬೇಕಾದರೆ ಹಿಂದಿನ ಸರದಿಯ ಲೆಕ್ಕ ಅವರ ಕೈಗೆ ಸಿಗಬೇಕು. ಎಷ್ಟು ಅಂಡಾಣು ಸಿಕ್ಕಿತ್ತು, ಎಷ್ಟು ಬಲಿತಿತ್ತು, ಎಷ್ಟರ ಮೇಲೆ ವೀರ್ಯಾಣು ಅಂಟಿದ್ದು ಕಂಡಿತು, ಯಾವ ಗಂಟೆಗೆ ನೋಡಿದರು, ಯಾವ ಗಂಟೆಗೆ ಚುಚ್ಚಿದರು. ಇದು ಪ್ರಯೋಗಾಲಯದ ದಾಖಲೆಯಲ್ಲಿ ಇರುತ್ತದೆ. ಬಿಲ್ಲಿನ ಜೊತೆ ಅದರ ಒಂದು ಪ್ರತಿಯನ್ನೂ ಕೇಳಿ ಪಡೆದು ಫೈಲಿನಲ್ಲಿ ಇಟ್ಟುಕೊಳ್ಳಿ.